ಹೊಸ ಮದರ್‌ಬೋರ್ಡಿಗೆ ಗ್ರಾಫಿಕ್ಸ್ ಕಾರ್ಡು ಒಪ್ಪುವುದೆ?

ಮನೆಯ ಗಣಕಯಂತ್ರವು ಹಳೆಯದಾಯಿತೆಂದು ಅದನ್ನು ಪೂರ್ತಿಯಾಗಿ ಮೂಲೆಗೆ ತಳ್ಳದೆ, ಒಳಗಿನ ಒಂದೆರಡು ಅಂಗಗಳನ್ನು ಮಾತ್ರ ಬದಲಾಯಿಸಿ ಮತ್ತೆ ನಾಲ್ಕಾರು ವರ್ಷ ದುಡಿಸಿಕೊಳ್ಳುವ ಪದ್ಧತಿಯು ನಮ್ಮ ಗೃಹಸ್ಥರಿಗೆ ಸಹಜವಾಗಿಯೇ ಒಪ್ಪಿಗೆಯಾಗಿದೆ. ಹಳೆಯ ಒಡವೆಯನ್ನು ಕರಗಿಸಿ ಹೊಸ ಮಾದರಿಯದನ್ನು ಮಾಡಿಸಿಕೊಂಡು ಬಂದ ಜನ ನಾವು. ಹೀಗೆ ಬದಲಾಯಿಸುವವರು ಸಾಮಾನ್ಯವಾಗಿ ಕೈ ಹಾಕುವುದು ಮದರ್‌ಬೋರ್ಡಿಗೆ; ಯಂತ್ರದ ಉಳಿದ ಅಂಗಗಳನ್ನೆಲ್ಲ ತನ್ನ ಮೈಮೇಲೆ ಹೊತ್ತುಕೊಂಡಿರುವ ಹಲಗೆಯೇ ಅದು. ಹೊಸ ಹಲಗೆಯು ಮನೆಗೆ ಬಂದೊಡನೆ ಎರಡು ಪ್ರಶ್ನೆಗಳು ಏಳುವುವು. ಹಳೆಯ ಗ್ರಾಫಿಕ್ಸ್ ಕಾರ್ಡು ಇದಕ್ಕೆ ಕೂಡುವುದೆ? ಕೂಡದಿದ್ದರೆ ಯಾವುದನ್ನು ತರಬೇಕು? ಮನೆಯ ಜಮಾಖರ್ಚನ್ನು ನೋಡಿಕೊಳ್ಳುವ ಗೃಹಿಣಿಯು ಇವೆರಡಕ್ಕೂ ಮೊದಲು ಮೂರನೆಯದೊಂದನ್ನು ಕೇಳುವುದುಂಟು: "ಇದ್ದ ಕಾರ್ಡಿಗೆ ಏನಾಗಿದೆ?" ಎಂದು. ಅದೂ ನ್ಯಾಯವಾದ ಪ್ರಶ್ನೆಯೇ.

ಹೀಗೆ ಕೇಳುವವರ ಮನಸ್ಸಿನಲ್ಲಿರುವ ಸಂಶಯವು ಬಹುಮಟ್ಟಿಗೆ ಒಂದೇ: ಕಾರ್ಡಿನ ಅಂಚು ಬೋರ್ಡಿನ ಸ್ಲಾಟಿನಲ್ಲಿ ಕೂರುವುದೋ ಇಲ್ಲವೋ ಎಂಬುದು. ನಾವು ಇಲ್ಲಿ ಹೇಳಬೇಕೆಂದಿರುವ ಮಾತು ಇಷ್ಟೆ. ಕೂರುವ ವಿಚಾರದಲ್ಲಿ ಈಗ ಹೆದರಬೇಕಾದುದು ಬಹಳ ಕಡಮೆ; ಜನರು ಹಣವನ್ನು ಕಳೆದುಕೊಳ್ಳುತ್ತಿರುವುದು ಬೇರೆ ಕಡೆಗಳಲ್ಲಿ. ವಧೂವರರ ಸಾಲಾವಳಿಯನ್ನು ನೋಡುವ ಹಿರಿಯರು ಒಂದು ಕೂಟ ಸರಿಹೋಯಿತೆಂದ ಮಾತ್ರಕ್ಕೆ ಎದ್ದುಬಿಡುವರೆ? ಕಾರ್ಡಿಗೂ ಬೋರ್ಡಿಗೂ ಸ್ಲಾಟು ಹೊಂದಿದರೆ ಒಂದು ಕೂಟ ಹೊಂದಿದಂತಾಯಿತು. ಉಳಿದವುಗಳನ್ನು ನೋಡದೆ ತಂದ ಕಾರ್ಡು ಮನೆಗೆ ಬಂದಮೇಲೆ ಒಲ್ಲೆನೆಂದರೆ, ಒಮ್ಮೆ ತೆರೆದ ಪೆಟ್ಟಿಗೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವರೆಂಬ ಭರವಸೆಯಿಲ್ಲ. ಕಾರ್ಡಿನ ಬೆಲೆಯು ಯಂತ್ರದ ಉಳಿದ ಭಾಗಗಳೆಲ್ಲದರ ಬೆಲೆಯನ್ನೂ ಮೀರಿರುವುದುಂಟು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮೊದಲು, ಕಾರ್ಡು ಬೇಕೇ ಬೇಕೆ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಪತ್ರ ಬರೆಯುವುದು, ಲೆಕ್ಕವಿಡುವುದು, ಮಕ್ಕಳ ಪಾಠ, ಚಲಚ್ಚಿತ್ರ ನೋಡುವುದು, ಇಷ್ಟೇ ಕೆಲಸವಾದರೆ ಅನೇಕ ಪ್ರಾಸೆಸರುಗಳು ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಶಕ್ತಿಯನ್ನು ತಮ್ಮೊಳಗೇ ಪಡೆದಿರುತ್ತವೆ. ಆದರೆ ಎಲ್ಲವೂ ಅಲ್ಲ. ಇಂಟೆಲ್ ಸಂಸ್ಥೆಯ ಪ್ರಾಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಎಂಬ ಅಕ್ಷರವಿದ್ದರೆ ಅದಕ್ಕೆ ಆ ಶಕ್ತಿಯಿಲ್ಲವೆಂದು ಅರ್ಥ. ಎ.ಎಂ.ಡಿ.ಯವರ ರೈಜೆನ್ ೫೦೦೦ ಸಾಲಿನಲ್ಲಿ ಹೆಸರಿನಲ್ಲಿ 'ಜಿ' ಅಕ್ಷರವಿರುವವುಗಳಲ್ಲಿ ಮಾತ್ರ ಅದುಂಟು. ೨೦೨೨ರಲ್ಲಿ ಬಂದ ೭೦೦೦ದ ಸಾಲಿನಿಂದೀಚೆಗೆ ಹೆಚ್ಚಿನವುಗಳಲ್ಲಿ ಅಲ್ಪಸ್ವಲ್ಪವಾದರೂ ಇದೆ. ಈ ಒಂದು ಅಕ್ಷರವನ್ನು ಗಮನಿಸದೆ ಮೋಸಹೋದವರು ಬಹಳ. ಬೋರ್ಡಿನ ಹಿಂಭಾಗದಲ್ಲಿ ಎಚ್.ಡಿ.ಎಂ.ಐ. ಕಿಂಡಿಯು ಇರುವುದನ್ನು ಕಂಡು ಮಾನಿಟರಿನ ತಂತಿಯನ್ನು ಅಲ್ಲಿಗೆ ಸಿಕ್ಕಿಸುತ್ತಾರೆ. ಪ್ರಾಸೆಸರು 'ಎಫ್' ಆಗಿದ್ದರೆ ಆ ಕಿಂಡಿಯು ಚಿತ್ರದ ಚೌಕಟ್ಟು ಮಾತ್ರ, ಒಳಗೆ ಚಿತ್ರವಿಲ್ಲ. ಕಾರ್ಡನ್ನು ಹಾಕಿಕೊಂಡವರಂತೂ ಮಾನಿಟರಿನ ತಂತಿಯನ್ನು ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು.

ಸ್ಲಾಟಿನ ಬಗೆಗೆ ಜನರಲ್ಲಿ ಈಗಲೂ ಉಳಿದಿರುವ ಅಂಜಿಕೆಗೆ ಒಂದು ಚರಿತ್ರೆಯಿದೆ. ಐ.ಬಿ.ಎಂ. ಸಂಸ್ಥೆಯು ೧೯೮೧ರಲ್ಲಿ ತನ್ನ 'ಪರ್ಸನಲ್ ಕಂಪ್ಯೂಟರ'ನ್ನು ಹೊರತಂದಾಗ ಅದರೊಳಗಿದ್ದ ಸ್ಲಾಟು ಒಂದು ಬಗೆಯದು. ೧೯೯೨ರಲ್ಲಿ ಪಿ.ಸಿ.ಐ. ಎಂಬುದು ಬಂದಿತು. ಚಿತ್ರದ ಕೆಲಸವು ಹೆಚ್ಚಾದಂತೆ ಅದೂ ಸಾಲದೆ, ಗ್ರಾಫಿಕ್ಸ್ ಕಾರ್ಡಿಗಾಗಿಯೇ ಮೀಸಲಾದ ಎ.ಜಿ.ಪಿ. ಎಂಬ ಸ್ಲಾಟು ೧೯೯೭ರ ಸುಮಾರಿಗೆ ಬಳಕೆಗೆ ಬಂದಿತು. ನಿಜವಾದ ಅಪಾಯವಿದ್ದುದು ಇದರ ಕಾಲದಲ್ಲಿ. ಎ.ಜಿ.ಪಿ. ಕಾರ್ಡುಗಳಲ್ಲಿ ೩.೩ ವೋಲ್ಟಿನವು, ೧.೫ ವೋಲ್ಟಿನವು ಎಂದು ಭೇದವಿದ್ದು, ಒಂದರ ಜಾಗದಲ್ಲಿ ಮತ್ತೊಂದು ಕೂರದಿರಲೆಂದು ಅಂಚಿನಲ್ಲಿ ಬೇರೆ ಬೇರೆ ಕಡೆ ಕಚ್ಚುಗಳನ್ನು ಕೊಯ್ದಿರುತ್ತಿದ್ದರು. ಕಚ್ಚನ್ನು ತಪ್ಪಾಗಿ ಕೊಯ್ದ ಕಾರ್ಡುಗಳೂ ಪೇಟೆಗೆ ಬಂದು, ಅವುಗಳಿಂದ ಕೆಲವು ಬೋರ್ಡುಗಳು ಸುಟ್ಟುಹೋದುವು. ಆ ಕಾಲವನ್ನು ಕಂಡ ಹಿರಿಯರು ಇಂದಿಗೂ "ಕಾರ್ಡು ಕೂರುವುದೋ ನೋಡು, ಬೋರ್ಡು ಸುಟ್ಟೀತು" ಎಂದು ಎಚ್ಚರಿಸಿದರೆ ಅವರನ್ನು ಹಾಸ್ಯಮಾಡಲಾಗದು.

೨೦೦೪ರಿಂದ ಈಚೆಗೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಸ್ಲಾಟು ಬಂದಮೇಲೆ ಈ ಭಯವು ನೀಗಿತು. ಇದರಲ್ಲಿಯೂ ಪೀಳಿಗೆಗಳುಂಟು, ೨೦೦೩ರಲ್ಲಿ ಮೊದಲನೆಯ ಪೀಳಿಗೆಯ ನಿಯಮಗಳು ಪ್ರಕಟವಾದುವು, ೨೦೦೭ರಲ್ಲಿ ಎರಡನೆಯದರವು, ೨೦೧೦ರಲ್ಲಿ ಮೂರನೆಯದರವು, ೨೦೧೭ರಲ್ಲಿ ನಾಲ್ಕನೆಯದರವು, ೨೦೧೯ರಲ್ಲಿ ಐದನೆಯದರವು. ಆದರೆ ಸ್ಲಾಟಿನ ಆಕಾರವು ಒಂದೇ. ಹಳೆಯ ಕಾರ್ಡು ಹೊಸ ಸ್ಲಾಟಿನಲ್ಲಿ, ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ ನಿರಾತಂಕವಾಗಿ ಕೂರುತ್ತದೆ. ಎರಡರಲ್ಲಿ ಯಾವುದು ನಿಧಾನವೋ ಅದರ ವೇಗಕ್ಕೆ ಎರಡೂ ಒಗ್ಗಿಕೊಳ್ಳುತ್ತವೆ. ಹಿರಿಯರ ಜತೆಗೆ ನಡೆಯುವ ಮೊಮ್ಮಗನು ತನ್ನ ಹೆಜ್ಜೆಯನ್ನು ನಿಧಾನಮಾಡಿಕೊಳ್ಳುವುದಿಲ್ಲವೆ? ಹಾಗೆಯೇ ಇದು.

ಈ ನಿಧಾನವು ಯಾವಾಗ ನಷ್ಟವಾಗುತ್ತದೆಂಬುದನ್ನು ತಿಳಿಯಬೇಕಾದರೆ ಸ್ಲಾಟಿನೊಳಗಿನ ದಾರಿಗಳ ವಿಷಯವನ್ನು ಸ್ವಲ್ಪ ಹೇಳಬೇಕು. ದೊಡ್ಡ ಸ್ಲಾಟಿನಲ್ಲಿ ಮಾಹಿತಿಯು ಹೋಗಿಬರುವುದಕ್ಕೆ ೧೬ ದಾರಿಗಳಿರುತ್ತವೆ. ಮೂರನೆಯ ಪೀಳಿಗೆಯಲ್ಲಿ ಒಂದು ದಾರಿಯಲ್ಲಿ ಸೆಕೆಂಡಿಗೆ ಸುಮಾರು ೧ ಗಿಗಾಬೈಟಿನಷ್ಟು ಮಾಹಿತಿಯು ಒಂದು ಕಡೆಗೆ ಹರಿಯಬಲ್ಲುದು. ನಾಲ್ಕನೆಯದರಲ್ಲಿ ಅದರ ಎರಡರಷ್ಟು, ಐದನೆಯದರಲ್ಲಿ ನಾಲ್ಕರಷ್ಟು. ಹದಿನಾರು ದಾರಿಗಳನ್ನೂ ಬಳಸುವ ಕಾರ್ಡಿಗೆ ಒಂದು ಪೀಳಿಗೆ ಹಿಂದಿನ ಸ್ಲಾಟಿನಿಂದ ಆಗುವ ನಷ್ಟವು ಸಾಮಾನ್ಯವಾಗಿ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ತೊಂದರೆಯಿರುವುದು ಅಗ್ಗದ ಕಾರ್ಡುಗಳಲ್ಲಿ. ಖರ್ಚನ್ನು ತಗ್ಗಿಸುವುದಕ್ಕಾಗಿ ಕೆಲವು ಕಾರ್ಡುಗಳನ್ನು ಎಂಟೇ ದಾರಿಗಳಿಂದ ಅಥವಾ ನಾಲ್ಕೇ ದಾರಿಗಳಿಂದ ಮಾಡಿರುತ್ತಾರೆ. ಅಂಚಿನ ಉದ್ದ ಹದಿನಾರರದೇ ಆಗಿ ಕಂಡರೂ ಒಳಗೆ ತಂತಿ ಅಷ್ಟಿರುವುದಿಲ್ಲ. ೨೦೨೨ರ ಜನವರಿಯಲ್ಲಿ ಎ.ಎಂ.ಡಿ.ಯವರು ಹೊರತಂದ ರೇಡಿಯಾನ್ ಆರ್.ಎಕ್ಸ್. ೬೫೦೦ ಎಕ್ಸ್.ಟಿ. ಎಂಬ ಕಾರ್ಡು ಇದಕ್ಕೆ ಉದಾಹರಣೆ. ನಾಲ್ಕನೆಯ ಪೀಳಿಗೆಯ ನಾಲ್ಕು ದಾರಿ ಅದಕ್ಕಿತ್ತು. ಮೂರನೆಯ ಪೀಳಿಗೆಯ ಬೋರ್ಡಿನಲ್ಲಿ ಹಾಕಿದಾಗ ದಾರಿಯ ಅಗಲ ಅರ್ಧಕ್ಕೆ ಇಳಿದು, ಅನೇಕ ಆಟಗಳಲ್ಲಿ ಅದರ ಓಟವು ಸ್ಪಷ್ಟವಾಗಿ ಕುಗ್ಗಿದುದನ್ನು ಪರೀಕ್ಷಕರು ತೋರಿಸಿಕೊಟ್ಟರು. ವಿಚಿತ್ರವೇನೆಂದರೆ, ಅಂತಹ ಅಗ್ಗದ ಕಾರ್ಡನ್ನು ಕೊಳ್ಳುವವರು ಹೆಚ್ಚಾಗಿ ಹಳೆಯ ಬೋರ್ಡುಳ್ಳವರೇ! ಬಡವನ ಮೇಲೆಯೇ ಎರಡನೆಯ ಪೆಟ್ಟು ಬೀಳುವುದು ಲೋಕದ ರೂಢಿಯಷ್ಟೆ.

ಬೋರ್ಡು ಹೊಸದೆಂದ ಮಾತ್ರಕ್ಕೆ ಸ್ಲಾಟೂ ಹೊಸ ಪೀಳಿಗೆಯದೆಂದು ತಿಳಿಯಬಾರದು. ೨೦೨೦ರಲ್ಲಿ ಬಂದ ಎ೫೨೦ ಎಂಬ ಜಾತಿಯ ಬೋರ್ಡುಗಳಲ್ಲಿ ಇರುವುದು ಮೂರನೆಯ ಪೀಳಿಗೆಯೇ. ಅದಕ್ಕಿಂತ ಮೇಲಾದ ಬಿ೫೫೦ ಬೋರ್ಡಿನ ಪೆಟ್ಟಿಗೆಯ ಮೇಲೆ ನಾಲ್ಕನೆಯ ಪೀಳಿಗೆಯೆಂದು ಬರೆದಿರುವುದೇನೋ ನಿಜ. ಆದರೆ ಅದರಲ್ಲಿ ರೈಜೆನ್ ೫ ೫೬೦೦ಜಿ ಪ್ರಾಸೆಸರನ್ನು ಕೂರಿಸಿದರೆ ಸ್ಲಾಟು ಮೂರನೆಯ ಪೀಳಿಗೆಗೆ ಇಳಿಯುತ್ತದೆ. 'ಜಿ' ಇಲ್ಲದ ೫೬೦೦ನ್ನು ಕೂರಿಸಿದರೆ ನಾಲ್ಕನೆಯದೇ ಉಳಿಯುತ್ತದೆ. ಏಕೆಂದರೆ ದೊಡ್ಡ ಸ್ಲಾಟಿನ ದಾರಿಗಳು ಹೊರಡುವುದು ಪ್ರಾಸೆಸರಿನಿಂದ. ಬೋರ್ಡು ಅವುಗಳನ್ನು ಸಾಗಿಸುತ್ತದೆ ಅಷ್ಟೆ. ಇದೇ ಕಾರಣದಿಂದ ರೈಜೆನ್ ೫ ೮೫೦೦ಜಿ ಎಂಬ ಪ್ರಾಸೆಸರನ್ನು ಎಷ್ಟೇ ಬೆಲೆಯ ಬೋರ್ಡಿನಲ್ಲಿ ಹಾಕಿದರೂ ಕಾರ್ಡಿಗೆ ನಾಲ್ಕು ದಾರಿಗಳು ಮಾತ್ರ ಸಿಗುತ್ತವೆ. ಮತ್ತೊಂದು ಸಂಗತಿ. ಹಲವು ಬೋರ್ಡುಗಳಲ್ಲಿ ಒಂದೇ ಉದ್ದದ ಎರಡು ಸ್ಲಾಟುಗಳಿರುತ್ತವೆ. ಕೆಳಗಿನದು ನೋಡುವುದಕ್ಕೆ ಮಾತ್ರ ಹದಿನಾರು, ಒಳಗೆ ನಾಲ್ಕು. ಪ್ರಾಸೆಸರಿಗೆ ಹತ್ತಿರವಾದ ಮೇಲಿನ ಸ್ಲಾಟಿಗೇ ಕಾರ್ಡನ್ನು ಹಾಕತಕ್ಕದ್ದು. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.೨ ಎಂಬ ಸಣ್ಣ ಜಾಗದಲ್ಲಿ ಎಸ್.ಎಸ್.ಡಿ.ಯನ್ನು ಕೂರಿಸಿದರೆ ದೊಡ್ಡ ಸ್ಲಾಟಿನ ಹದಿನಾರು ದಾರಿಗಳು ಎಂಟಕ್ಕೆ ಇಳಿಯುವುದುಂಟು. ಇವೆಲ್ಲ ಬೋರ್ಡಿನ ಜತೆಗೆ ಬರುವ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಪುಸ್ತಿಕೆಯನ್ನು ಪೆಟ್ಟಿಗೆಯ ಜತೆಗೆ ಅಟ್ಟಕ್ಕೆ ಹಾಕುವುದು ನಮ್ಮ ಮನೆಗಳ ಸಂಪ್ರದಾಯ. ಇದೊಂದು ಸಲವಾದರೂ ಆ ಸಂಪ್ರದಾಯವನ್ನು ಮುರಿಯುವುದು ಒಳ್ಳೆಯದು.

ಸ್ಲಾಟು, ದಾರಿ ಎಲ್ಲ ಸರಿಯಾಗಿದ್ದೂ ಪರದೆಯು ಕಪ್ಪಾಗಿಯೇ ಉಳಿದ ಒಂದು ಪ್ರಸಂಗವನ್ನು ನಾವು ಕಂಡಿದ್ದೇವೆ. ಮೈಸೂರಿನಲ್ಲಿ ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರ ಮಗಳು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಕಟ್ಟಡಗಳ ನಕ್ಷೆಯನ್ನು ಮೂರು ಆಯಾಮಗಳಲ್ಲಿ ಬಿಡಿಸುವ ಕೆಲಸಕ್ಕೆ ಹಳೆಯ ಯಂತ್ರ ಸಾಲದೆ, ತಂದೆಯು ತಮ್ಮ ಉಳಿತಾಯದಿಂದ ಹೊಸ ಬೋರ್ಡನ್ನೂ, ಬೆಲೆ ಕಡಮೆಯೆಂದು 'ಎಫ್' ಅಕ್ಷರದ ಪ್ರಾಸೆಸರನ್ನೂ ತಂದರು. ಕಾರ್ಡಿಗೆ ಹಣ ಉಳಿಯಲಿಲ್ಲ. ಹುಡುಗಿಯ ಅಣ್ಣನು ೨೦೧೧ರಲ್ಲಿ ಕೊಂಡಿದ್ದ ಕಾರ್ಡು ಬೀರುವಿನಲ್ಲಿತ್ತು, ಅದನ್ನೇ ಹಾಕಿದರು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಕರೆಸಿದ ರಿಪೇರಿಯವನು ಹತ್ತು ನಿಮಿಷ ನೋಡಿ, "ಕಾರ್ಡು ಹೋಗಿದೆ ಸ್ವಾಮಿ, ಬೇರೆ ತಂದುಬಿಡಿ" ಎಂದು ಹೇಳಿ ತನ್ನ ಕೂಲಿಯನ್ನು ತೆಗೆದುಕೊಂಡು ಹೋದನು. ನಕ್ಷೆಗಳನ್ನು ಕಾಲೇಜಿಗೆ ಒಪ್ಪಿಸುವುದಕ್ಕೆ ಇನ್ನು ಹನ್ನೆರಡು ದಿನಗಳಿದ್ದುವು. ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಹುಡುಗಿಯೇ ಆ ಕಾರ್ಡನ್ನು ಮತ್ತೆ ಹಳೆಯ ಯಂತ್ರಕ್ಕೆ ಹಾಕಿದಳು. ಚಿತ್ರ ಬಂದಿತು! "ಅಪ್ಪಾ, ಕಾರ್ಡು ಸತ್ತಿಲ್ಲ" ಎಂದು ಅವಳು ಕೂಗಿದ್ದು ಬೀದಿಗೆ ಕೇಳಿಸಿತೆಂದು ಅವಳ ತಾಯಿ ನಮಗೆ ಹೇಳಿದರು. ಹಾಗಾದರೆ ಬೋರ್ಡು ಕೆಟ್ಟಿದೆಯೆ? ನೆರೆಮನೆಯ ಹುಡುಗನಿಂದ ಈಚಿನ ಕಾರ್ಡೊಂದನ್ನು ಕೇಳಿ ತಂದು ಹೊಸ ಬೋರ್ಡಿಗೆ ಹಾಕಿದಾಗ ಅಲ್ಲಿಯೂ ಚಿತ್ರ ಬಂದಿತು. ಎರಡೂ ಒಳ್ಳೆಯವೇ, ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದು.

ಈ ಭಾಷೆಯ ಭೇದವೇನೆಂಬುದನ್ನು ಹೇಳುತ್ತೇವೆ. ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಮೊದಲು ಎಚ್ಚರಗೊಂಡು ಉಳಿದ ಅಂಗಗಳನ್ನು ಎಬ್ಬಿಸುವ ಮೂಲ ತಂತ್ರಾಂಶಕ್ಕೆ ಹಿಂದೆ ಬಯಾಸ್ ಎಂದು ಹೆಸರು. ಈಗ ಅದರ ಸ್ಥಾನಕ್ಕೆ ಯು.ಇ.ಎಫ್.ಐ. ಎಂಬುದು ಬಂದಿದೆ, ಅಂಗಡಿಯವರು ಬಾಯಿಮಾತಿನಲ್ಲಿ ಇದನ್ನೂ ಬಯಾಸ್ ಎಂದೇ ಕರೆಯುತ್ತಾರೆ. ೨೦೧೨ಕ್ಕೆ ಹಿಂದಿನ ಕಾರ್ಡುಗಳು ಬಹುಮಟ್ಟಿಗೆ ಹಳೆಯದರ ರೀತಿಗೆ ಮಾತ್ರ ಓಗೊಡುತ್ತವೆ. ಹಳೆಯ ರೀತಿಯನ್ನು ಬಲ್ಲ ದುಭಾಷಿಯಂತೆ ಸಿ.ಎಸ್.ಎಂ. ಎಂಬ ಒಂದು ಏರ್ಪಾಡನ್ನು ಬೋರ್ಡುಗಳಲ್ಲಿ ಇಟ್ಟಿದ್ದರು. ೨೦೨೦ರ ಹೊತ್ತಿಗೆ ಈ ಹಳೆಯ ರೀತಿಗೆ ಬೆಂಬಲವನ್ನು ನಿಲ್ಲಿಸುವೆವೆಂದು ಇಂಟೆಲ್‌ನವರು ೨೦೧೭ರಲ್ಲಿಯೇ ಸಾರಿದ್ದರು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಸಹ ಹೊಸ ರೀತಿಯನ್ನೇ ಕೇಳುತ್ತದೆ. ಆದಕಾರಣ ಹೊಸ ಬೋರ್ಡುಗಳಲ್ಲಿ ಆ ದುಭಾಷಿಯನ್ನು ಮಲಗಿಸಿಯೇ ಕಳುಹಿಸಿರುತ್ತಾರೆ. ಕೆಲವುಗಳಲ್ಲಿ ಅವನು ಇಲ್ಲವೇ ಇಲ್ಲ. ಹುಡುಗಿಯು ಕಡ ತಂದ ಕಾರ್ಡಿನ ಸಹಾಯದಿಂದ ಬೋರ್ಡಿನ ಸೆಟ್ಟಿಂಗಿನೊಳಗೆ ಹೊಕ್ಕು, ಸಿ.ಎಸ್.ಎಂ. ಅನ್ನು ಎಬ್ಬಿಸಿ, ಅನಂತರ ಅಣ್ಣನ ಕಾರ್ಡನ್ನು ಹಾಕಿದಾಗ ಪರದೆಯು ಬೆಳಗಿತು. ಪ್ರಾಸೆಸರಿನಲ್ಲಿ ಚಿತ್ರಶಕ್ತಿಯಿದ್ದಿದ್ದರೆ ಕಡ ತರುವ ಕಷ್ಟವೂ ತಪ್ಪುತ್ತಿತ್ತು. 'ಎಫ್' ಅಕ್ಷರದಲ್ಲಿ ಉಳಿದ ಹಣದ ಮೇಲಿನ ಬಡ್ಡಿಯೆಂದರೆ ಇದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಷ್ಟು ಹಳೆಯ ಕಾರ್ಡುಗಳಿಗೆ ಡ್ರೈವರುಗಳನ್ನು ಹೊಸದಾಗಿ ಬರೆಯುವುದನ್ನು ತಯಾರಕರು ೨೦೧೮ರಲ್ಲಿಯೇ ನಿಲ್ಲಿಸಿದ್ದರು. ಪರದೆಯೇನೋ ಬೆಳಗಿತು; ನಕ್ಷೆ ಬಿಡಿಸುವ ತಂತ್ರಾಂಶವು ಆ ಕಾರ್ಡನ್ನು ಒಪ್ಪಲಿಲ್ಲ. ಹುಡುಗಿಯು ಹನ್ನೆರಡು ದಿನಗಳ ಕೆಲಸವನ್ನು ಗೆಳತಿಯ ಮನೆಯಲ್ಲಿ ರಾತ್ರಿಗಳನ್ನು ಕಳೆದು ಮುಗಿಸಿದಳು. ಹಳೆಯ ಕಾರ್ಡನ್ನು ಹೊಸ ಬೋರ್ಡಿಗೆ ಹಾಕಬೇಕೆನ್ನುವವರು ಈ ಎರಡನ್ನೂ ಮೊದಲೇ ನೋಡಿಕೊಳ್ಳಬೇಕು: ಕಾರ್ಡಿಗೆ ಯು.ಇ.ಎಫ್.ಐ. ಬರುತ್ತದೆಯೆ, ತಯಾರಕರು ಅದಕ್ಕೆ ಇಂದಿಗೂ ಡ್ರೈವರನ್ನು ಕೊಡುತ್ತಿರುವರೆ. ಹೊಸ ಕಾರ್ಡುಗಳಲ್ಲಿಯೂ ಇದಕ್ಕೆ ಹತ್ತಿರದ ಒಂದು ವಿಚಾರವುಂಟು. ೨೦೨೨ರಲ್ಲಿ ಬಂದ ಇಂಟೆಲ್‌ನವರ ಆರ್ಕ್ ಕಾರ್ಡುಗಳು ಬೋರ್ಡಿನಲ್ಲಿ 'ರೀಸೈಜಬಲ್ ಬಾರ್' ಎಂಬ ಅನುಕೂಲವಿಲ್ಲದಿದ್ದರೆ ಬಹಳ ಸೊರಗುತ್ತವೆ. ಈಚಿನ ಬೋರ್ಡುಗಳಲ್ಲಿ ಅದು ಇದ್ದೇ ಇರುತ್ತದೆ. ಸೆಟ್ಟಿಂಗಿನಲ್ಲಿ ತೆರೆದಿದೆಯೇ ಎಂದು ನೋಡಿದರಾಯಿತು.

ಇನ್ನು ಜಾಗದ ಮಾತು. ಕಾರ್ಡನ್ನು ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ, ಹಿಂದಿನ ಗೋಡೆಯಿಂದ ಮುಂದಿನ ಫ್ಯಾನಿನವರೆಗೆ ಟೇಪು ಹಿಡಿದು ಅಳೆಯಬೇಕು. ೨೦೨೨ರಲ್ಲಿ ಎನ್‌ವಿಡಿಯಾದವರು ತಾವೇ ಮಾಡಿ ಮಾರಿದ ಆರ್.ಟಿ.ಎಕ್ಸ್. ೪೦೯೦ ಕಾರ್ಡಿನ ಉದ್ದ ೩೦೪ ಮಿಲಿಮೀಟರು, ಹೆಚ್ಚು ಕಡಮೆ ಒಂದು ಅಡಿ. ದಪ್ಪದಲ್ಲಿ ಅದು ಮೂರು ಸ್ಲಾಟುಗಳ ಜಾಗವನ್ನು ತಿನ್ನುತ್ತದೆ. ಒಂದೇ ಹೆಸರಿನ ಕಾರ್ಡನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಅಳತೆಯಲ್ಲಿ ಮಾಡುವುದರಿಂದ ಹೆಸರನ್ನು ನಂಬಿ ಹೋಗಲಾಗದು, ಆರ್.ಟಿ.ಎಕ್ಸ್. ೩೦೬೦ ಎಂಬುದೇ ಒಂದರಲ್ಲಿ ೧೮ ಸೆಂಟಿಮೀಟರಿನಷ್ಟಿದ್ದರೆ ಮತ್ತೊಂದರಲ್ಲಿ ೩೦ರಷ್ಟಿದೆ. ದಪ್ಪ ಕಾರ್ಡು ಕೂತಮೇಲೆ ಅದರ ಕೆಳಗಿನ ಸ್ಲಾಟುಗಳು ಮುಚ್ಚಿಹೋಗುತ್ತವೆ. ಕೆಲವು ಬೋರ್ಡುಗಳಲ್ಲಿ ಹಾರ್ಡ್ ಡಿಸ್ಕಿನ ತಂತಿ ಸಿಕ್ಕಿಸುವ ಜಾಗಕ್ಕೂ ಅಡ್ಡಬರುತ್ತದೆ. ಆಫೀಸುಗಳಲ್ಲಿ ಬಳಸಿ ಬಿಟ್ಟ ಚಿಕ್ಕ ಯಂತ್ರಗಳನ್ನು ಅಗ್ಗವಾಗಿ ಕೊಂಡು ಮಕ್ಕಳಿಗೆ ಕೊಡುವವರು ಈಗ ಬಹಳ ಮಂದಿ. ಅವುಗಳ ಕ್ಯಾಬಿನೆಟ್ಟು ಅರ್ಧ ಎತ್ತರದ ಕಾರ್ಡನ್ನು ಮಾತ್ರ ಒಳಕ್ಕೆ ಬಿಡುತ್ತದೆ, ಎಸ್.ಎಂ.ಪಿ.ಎಸ್. ಆಯಾ ಕಂಪನಿಯದೇ ವಿಶೇಷ ಆಕಾರದ್ದು, ಅದರಲ್ಲಿ ಕಾರ್ಡಿಗೆ ಹೋಗುವ ತಂತಿಯೇ ಇರುವುದಿಲ್ಲ. ಅಗ್ಗದ ಯಂತ್ರಕ್ಕೆ ದೊಡ್ಡ ಕಾರ್ಡು ಹಾಕಿಸುವೆನೆಂಬ ಲೆಕ್ಕಾಚಾರವು ಮುರಿದುಬೀಳುವುದು ಇಲ್ಲಿಯೇ.

ವಿದ್ಯುತ್ತಿನ ವಿಚಾರಕ್ಕೆ ಬಂದರೆ, ನಮ್ಮ ಅಭಿಪ್ರಾಯದಲ್ಲಿ ಗೃಹಸ್ಥನು ಅತಿ ಹೆಚ್ಚು ಗಮನ ಕೊಡಬೇಕಾದುದು ಇದಕ್ಕೆ. ಉಳಿದ ಕಡೆ ತಪ್ಪಿದರೆ ಹಣ ಹೋಗುತ್ತದೆ. ಇಲ್ಲಿ ತಪ್ಪಿದರೆ ಯಂತ್ರವೇ ಹೋಗಬಹುದು. ಸ್ಲಾಟಿನ ಮೂಲಕ ಕಾರ್ಡಿಗೆ ದೊರೆಯುವ ವಿದ್ಯುತ್ತು ಹೆಚ್ಚೆಂದರೆ ೭೫ ವಾಟ್. ಅಷ್ಟರಲ್ಲಿಯೇ ತೃಪ್ತಿಪಡುವ ಕಾರ್ಡುಗಳುಂಟು, ೨೦೧೯ರ ಜಿ.ಟಿ.ಎಕ್ಸ್. ೧೬೫೦ರಲ್ಲಿ ಹಲವು ಮಾದರಿಗಳಿಗೆ ಬೇರೆ ತಂತಿಯೇ ಬೇಡ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ನೇರವಾಗಿ ತಂತಿ ಬರಬೇಕು: ಆರು ಪಿನ್ನಿನದು ೭೫ ವಾಟ್, ಎಂಟು ಪಿನ್ನಿನದು ೧೫೦ ವಾಟ್ ಕೊಡುತ್ತದೆ. ಆರ್.ಟಿ.ಎಕ್ಸ್. ೩೦೬೦ಕ್ಕೆ ೧೭೦ ವಾಟ್ ಬೇಕು. ತಯಾರಕರು ಅದಕ್ಕೆ ೫೫೦ ವಾಟಿನ ಎಸ್.ಎಂ.ಪಿ.ಎಸ್. ಇರಲೆನ್ನುತ್ತಾರೆ. ೨೦೨೩ರ ಆರ್.ಟಿ.ಎಕ್ಸ್. ೪೦೬೦ಕ್ಕೆ ೧೧೫ ವಾಟ್ ಸಾಕು. ೪೦೯೦ಕ್ಕೆ ೪೫೦, ೨೦೨೫ರ ಆರ್.ಟಿ.ಎಕ್ಸ್. ೫೦೯೦ಕ್ಕೆ ೫೭೫! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಕಾರ್ಡು ತಾನಾಗಿ ತಿಳಿಯದು. ನಾವೇ ಲೆಕ್ಕ ಹಾಕಿಕೊಡಬೇಕು.

ಕ್ಯಾಬಿನೆಟ್ಟಿನ ಜತೆಗೆ ಉಚಿತವೆಂಬಂತೆ ಬರುವ ಎಸ್.ಎಂ.ಪಿ.ಎಸ್.ಗಳ ಮೇಲಿನ ದೊಡ್ಡ ಅಂಕಿಯನ್ನು ನಂಬುವುದು ಕಷ್ಟ. ಪಕ್ಕದ ಚೀಟಿಯಲ್ಲಿ ೧೨ ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರು ಎಂದು ಬರೆದಿರುವುದನ್ನು ನೋಡಿ, ಅದನ್ನು ಹನ್ನೆರಡರಿಂದ ಗುಣಿಸಿದರೆ ಕಾರ್ಡಿಗೂ ಪ್ರಾಸೆಸರಿಗೂ ಸೇರಿ ದೊರೆಯುವ ವಾಟ್ ತಿಳಿಯುತ್ತದೆ. ೮೦ ಪ್ಲಸ್ ಎಂಬ ಮುದ್ರೆಯು ವಿದ್ಯುತ್ತು ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದಕ್ಕೆ ಸಂಬಂಧಿಸಿದುದು, ಎಷ್ಟು ಬಲವಿದೆಯೆಂಬುದಕ್ಕಲ್ಲ. ಪ್ರಾಸೆಸರಿಗೆಂದು ಇರುವ ಎಂಟು ಪಿನ್ನಿನ ತಂತಿ, ಕಾರ್ಡಿಗೆಂದು ಇರುವ ಎಂಟು ಪಿನ್ನಿನ ತಂತಿ, ಇವೆರಡೂ ಅವಳಿ ಮಕ್ಕಳಂತೆ ಕಂಡರೂ ಒಳಗಿನ ಜೋಡಣೆ ತಿರುಗುಮುರುಗು. ಕೂರದ್ದನ್ನು ಒತ್ತಿ ಕೂರಿಸಬಾರದು. ಬಿಚ್ಚಿ ತೆಗೆಯಬಹುದಾದ ತಂತಿಗಳ ಎಸ್.ಎಂ.ಪಿ.ಎಸ್. ಇದ್ದರೆ ಒಂದು ಕಂಪನಿಯ ತಂತಿಯನ್ನು ಮತ್ತೊಂದರದಕ್ಕೆ ಸಿಕ್ಕಿಸಲೇಬಾರದು. ೨೦೨೨ರಿಂದ ಬಳಕೆಗೆ ಬಂದ ಹದಿನಾರು ಪಿನ್ನಿನ ತಂತಿಯು ೬೦೦ ವಾಟಿನವರೆಗೆ ಒಯ್ಯಬಲ್ಲುದು. ಅದೇ ವರ್ಷದ ಕೊನೆಯಲ್ಲಿ ಅದರ ತುದಿ ಕರಗಿದ ವರದಿಗಳು ಬಂದು, ೨೦೨೩ರಲ್ಲಿ ಅದನ್ನು ತಿದ್ದಿದರು. ಪೂರ್ತಿಯಾಗಿ ಒಳಕ್ಕೆ ಕೂರಿಸುವುದು, ತುದಿಯ ಹತ್ತಿರವೇ ತಂತಿಯನ್ನು ಬಗ್ಗಿಸದಿರುವುದು, ಇವೆರಡು ಎಚ್ಚರಿಕೆಗಳು ಅಂದಿನಿಂದ ಎಲ್ಲ ಪುಸ್ತಿಕೆಗಳಲ್ಲಿಯೂ ಕಾಣುತ್ತವೆ.

ನಮ್ಮ ಊರುಗಳಲ್ಲಿ ವಿದ್ಯುತ್ತು ಹೋಗಿಬರುವ ಅತಿಥಿಯಾದುದರಿಂದ ಯು.ಪಿ.ಎಸ್. ವಿಷಯವನ್ನೂ ಸೇರಿಸಬೇಕಾಗಿದೆ. ಅನೇಕ ಮನೆಗಳಲ್ಲಿರುವ ೬೦೦ ವಿ.ಎ. ಯು.ಪಿ.ಎಸ್. ಹೊರುವುದು ಸಾಮಾನ್ಯವಾಗಿ ೩೬೦ ವಾಟ್ ಮಾತ್ರ. ೧೭೦ ವಾಟಿನ ಕಾರ್ಡು, ಪ್ರಾಸೆಸರು, ಮಾನಿಟರು ಮೂರೂ ಸೇರಿ ಕೆಲಸದಲ್ಲಿರುವಾಗ ಅದು ಹೊರೆಯ ಅಂಚಿಗೆ ಬಂದು ನಿಲ್ಲುತ್ತದೆ. ವಿದ್ಯುತ್ತು ಹೋದ ಗಳಿಗೆಯಲ್ಲಿ ಯು.ಪಿ.ಎಸ್. ಕಿರುಚಿ ಕೈಬಿಟ್ಟರೆ, ಮಗಳ ನಕ್ಷೆಯಾಗಲಿ ಮಗನ ಆಟವಾಗಲಿ ಅಲ್ಲಿಗೆ ಮುಗಿಯಿತು. ಕಾರ್ಡಿನ ಬೆಲೆಯನ್ನು ಲೆಕ್ಕ ಹಾಕುವಾಗ ದೊಡ್ಡ ಯು.ಪಿ.ಎಸ್.ನ ಬೆಲೆಯನ್ನೂ ಅದರೊಳಗೆ ಸೇರಿಸುವುದು ಜಾಣತನ.

ಮಾನಿಟರಿನ ಕಿಂಡಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ನೀಲಿ ಬಣ್ಣದ ವಿ.ಜಿ.ಎ. ತಂತಿಯ ಹಳೆಯ ಮಾನಿಟರುಗಳು ಮನೆಗಳಲ್ಲಿ ಇನ್ನೂ ಚೆನ್ನಾಗಿ ಕೆಲಸಮಾಡುತ್ತಿವೆ. ಎನ್‌ವಿಡಿಯಾದವರು ೨೦೧೬ರ ಜಿ.ಟಿ.ಎಕ್ಸ್. ೧೦೮೦ರ ಸಾಲಿನಿಂದ ಆ ಬಗೆಯ ಸಂಕೇತವನ್ನೇ ಕೈಬಿಟ್ಟರು. ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಪರಿವರ್ತಿಸುವ ಸಣ್ಣ ಪೆಟ್ಟಿಗೆಯು ಅಲ್ಪ ಬೆಲೆಗೆ ದೊರೆಯುತ್ತದೆ. ಇದಕ್ಕಾಗಿ ಮಾನಿಟರನ್ನು ಎಸೆಯಬೇಕಾಗಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಳಸಿದ ಕಾರ್ಡುಗಳ ವ್ಯಾಪಾರವೂ ನಡೆಯುತ್ತದೆ. ಈಥಿರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸುವುದಕ್ಕೆ ಲೋಕದಲ್ಲೆಲ್ಲ ಕಾರ್ಡುಗಳನ್ನು ಹಗಲೂ ರಾತ್ರಿ ದುಡಿಸುತ್ತಿದ್ದರು. ೨೦೨೨ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯು ನಿಂತಮೇಲೆ ಹಾಗೆ ದುಡಿದ ಕಾರ್ಡುಗಳು ಹೇರಳವಾಗಿ ಮಾರಾಟಕ್ಕೆ ಬಂದುವು. ಅವೆಲ್ಲ ಕೆಟ್ಟವೆಂದು ನಾವು ಹೇಳುವುದಿಲ್ಲ. ಫ್ಯಾನನ್ನು ಬದಲಾಯಿಸಿಕೊಂಡು ವರ್ಷಗಟ್ಟಲೆ ಬಳಸುತ್ತಿರುವವರಿದ್ದಾರೆ. ಹೆದರಬೇಕಾದುದು ನಕಲಿಗೆ. ಹಳೆಯ, ದುರ್ಬಲವಾದ ಕಾರ್ಡಿನೊಳಗಿನ ತಂತ್ರಾಂಶವನ್ನು ತಿದ್ದಿ, ಹೊಸ ಕಾರ್ಡಿನ ಹೆಸರು ಹೇಳುವಂತೆ ಮಾಡಿ ಮಾರುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ. ಜಿ.ಪಿ.ಯು.-ಝಡ್ ಎಂಬ ಉಚಿತ ತಂತ್ರಾಂಶವು ೨೦೧೮ರಿಂದ ಇಂತಹ ಅನೇಕ ನಕಲಿಗಳನ್ನು ಗುರುತಿಸಿ ಹೆಸರಿನ ಪಕ್ಕದಲ್ಲಿ 'ನಕಲಿ' ಎಂದೇ ತೋರಿಸುತ್ತದೆ. ಹಣ ಕೊಡುವ ಮೊದಲು ಅಂಗಡಿಯ ಯಂತ್ರದಲ್ಲಿ ಕಾರ್ಡನ್ನು ಹಾಕಿಸಿ ಅದರಲ್ಲಿ ನೋಡಿಸುವಂತೆ ಕೇಳಿದರೆ ಪ್ರಾಮಾಣಿಕನಾದ ವ್ಯಾಪಾರಿಯು ಬೇಸರಪಡುವುದಿಲ್ಲ. ನಿಮ್ಮ ಬೋರ್ಡಿನ ಹೆಸರು, ಪ್ರಾಸೆಸರಿನ ಪೂರ್ಣ ಹೆಸರು, ಎಸ್.ಎಂ.ಪಿ.ಎಸ್.ನ ಚೀಟಿಯ ಚಿತ್ರ, ಕ್ಯಾಬಿನೆಟ್ಟಿನ ಅಳತೆ ಇಷ್ಟನ್ನು ಬರೆದುಕೊಂಡು ಹೋಗಿ, ಈ ಬೋರ್ಡಿಗೆಂದು ಕೊಟ್ಟ ಕಾರ್ಡು ಎಂದು ರಸೀತಿಯ ಮೇಲೆಯೇ ಬರೆಯಿಸಿಕೊಳ್ಳುವುದು ಇನ್ನೂ ಮೇಲು.

ಮನೆಗೆ ತಂದಮೇಲೆ ಯಂತ್ರವನ್ನು ಆರಿಸಿ, ಗೋಡೆಯ ತಂತಿಯನ್ನು ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಕೈಯಿಂದ ಮುಟ್ಟಿ, ಅನಂತರ ಕಾರ್ಡನ್ನು ಎರಡೂ ತುದಿಗಳಲ್ಲಿ ಸಮನಾಗಿ ಒತ್ತಬೇಕು. ಸ್ಲಾಟಿನ ಕೊನೆಯ ಕೊಂಡಿ 'ಟಕ್' ಎಂದರೆ ಕೂತಿತೆಂದು ಅರ್ಥ. ಯಂತ್ರವು ಎದ್ದಮೇಲೆ ಅದೇ ಜಿ.ಪಿ.ಯು.-ಝಡ್‌ನಲ್ಲಿ 'ಬಸ್ ಇಂಟರ್‌ಫೇಸ್' ಎಂಬ ಸಾಲನ್ನು ನೋಡಿರಿ. ಎಷ್ಟು ದಾರಿ, ಯಾವ ಪೀಳಿಗೆ ಎಂದು ಅಲ್ಲಿ ಬರೆದಿರುತ್ತದೆ. ಯಂತ್ರವು ಸುಮ್ಮನಿರುವಾಗ ವಿದ್ಯುತ್ತನ್ನು ಉಳಿಸುವುದಕ್ಕಾಗಿ ಪೀಳಿಗೆಯ ಅಂಕಿಯು ತಾನಾಗಿ ಇಳಿದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆ ಸಾಲಿನ ಪಕ್ಕದಲ್ಲಿರುವ ಪ್ರಶ್ನೆಯ ಚಿಹ್ನೆಯನ್ನು ಒತ್ತಿ ಕಾರ್ಡಿಗೆ ಸ್ವಲ್ಪ ಕೆಲಸ ಕೊಟ್ಟರೆ ನಿಜವಾದ ಅಂಕಿಯು ಮೇಲಕ್ಕೆ ಏರುತ್ತದೆ. ಹದಿನಾರು ದಾರಿಗಳ ಕಾರ್ಡು ಎಂಟನ್ನೇ ತೋರಿಸಿದರೆ ಇನ್ನೊಮ್ಮೆ ತೆಗೆದು ಸರಿಯಾಗಿ ಕೂರಿಸಿ, ಆಗಲೂ ಬದಲಾಗದಿದ್ದರೆ ಎಂ.೨ ಜಾಗದಲ್ಲಿ ಏನಿದೆಯೆಂದು ನೋಡತಕ್ಕದ್ದು.